ಸರ್ವಿಸ್ ಆದ ಮೇಲೆ ಬ್ರೇಕ್ ಪೆಡಲ್ ಮೆತ್ತಗಾಗಿದೆಯೇ? ದೋಷ ಹುಡುಕುವ ಕ್ರಮ

ಸರ್ವಿಸ್‌ಗೆ ಬಿಡುವ ಮುನ್ನ ಬ್ರೇಕ್ ಚೆನ್ನಾಗಿಯೇ ಇತ್ತು. ಕಾರು ಮರಳಿ ಕೈಗೆ ಬಂದಾಗ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋದ ಮೇಲೆ ಹಿಡಿಯುತ್ತಿದೆ. ಡೀಲರ್ ಬಳಿ ಕೇಳಿದರೆ ಸಿದ್ಧ ಉತ್ತರವೊಂದು ಬರುತ್ತದೆ: "ಹೊಸ ಪ್ಯಾಡ್ ಹಾಕಿದ್ದೇವೆ, ಸ್ವಲ್ಪ ದಿನ ಓಡಿಸಿ, ಸರಿಹೋಗುತ್ತದೆ." ಕೆಲವು ಸಲ ಅದು ನಿಜವೇ. ಆದರೆ ಪ್ಯಾಡ್ ಬದಲಿಸದ ಕಾರಿಗೂ ಇದೇ ಉತ್ತರ ಸಿಗುವುದುಂಟು.

ಇದು ನಿಜವೋ ನೆಪವೋ ಎಂಬುದನ್ನು ಸ್ಪ್ಯಾನರ್ ಮುಟ್ಟದೆ, ಚಾಲಕನ ಸೀಟಿನಲ್ಲಿ ಕುಳಿತೇ ಬಹುಮಟ್ಟಿಗೆ ತೀರ್ಮಾನಿಸಬಹುದು. ಪೆಡಲ್ ಯಾವ ಬಗೆಯಲ್ಲಿ ಕೆಟ್ಟಿದೆ ಎಂದು ಸರಿಯಾಗಿ ಗುರುತಿಸಬೇಕು. ಸರ್ವಿಸ್‌ನಲ್ಲಿ ಯಾವ ಭಾಗಕ್ಕೆ ಕೈ ಹಾಕಿದರು ಎಂದು ತಿಳಿದುಕೊಳ್ಳಬೇಕು. ನಿನ್ನೆಯವರೆಗೆ ಸರಿಯಿದ್ದ ಬ್ರೇಕ್ ಇಂದು ಕೆಟ್ಟಿದ್ದರೆ ಮೊದಲ ಅನುಮಾನ ಕೊನೆಯದಾಗಿ ಮುಟ್ಟಿದ ಭಾಗದ ಮೇಲೆಯೇ ಇರಬೇಕು. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ದ್ರವಕ್ಕೆ, ಅಂದರೆ ಫ್ಲೂಯಿಡ್‌ಗೆ, ಒತ್ತಡ ಕೊಡುವ ಭಾಗ) ಬದಲಿಸುವ ಮಾತು ಕಟ್ಟಕಡೆಗೆ ಬರಲಿ.

ಮೊದಲು: ಈ ಕಾರನ್ನು ಓಡಿಸಬಹುದೇ?

ಪೆಡಲ್ ನೆಲ ಮುಟ್ಟುತ್ತಿದ್ದರೆ, ಕೆಂಪು ಬ್ರೇಕ್ ದೀಪ ಉರಿಯುತ್ತಿದ್ದರೆ, ಚಕ್ರದ ಒಳಬದಿಯಲ್ಲೋ ಕಾರಿನ ಕೆಳಗೋ ಒದ್ದೆ ಕಂಡರೆ, ಬ್ರೇಕ್ ಫ್ಲೂಯಿಡ್ ಮಟ್ಟ ಇಳಿಯುತ್ತಿದ್ದರೆ ಕಾರನ್ನು ಓಡಿಸಬೇಡಿ. ವರ್ಕ್‌ಶಾಪ್‌ವರೆಗೆ ನಿಧಾನವಾಗಿ ಹೋಗಿಬಿಡುತ್ತೇನೆ ಎನ್ನಲೂ ಬೇಡಿ, ಟೋ ಮಾಡಿಸಿ. ಈಗಿನ ಕಾರುಗಳಲ್ಲಿ ಬ್ರೇಕ್ ಫ್ಲೂಯಿಡ್ ಎರಡು ಪ್ರತ್ಯೇಕ ಸರ್ಕ್ಯೂಟ್‌ಗಳಲ್ಲಿ ಹರಿಯುತ್ತದೆ. ಮುಂಬದಿಯ ಚಕ್ರಗಳಿಂದ ಓಡುವ ಬಹುತೇಕ ಕಾರುಗಳಲ್ಲಿ ಒಂದು ಮುಂದಿನ ಚಕ್ರ ಮತ್ತು ಅದರ ಎದುರು ಬದಿಯ ಹಿಂದಿನ ಚಕ್ರ ಸೇರಿ ಒಂದು ಸರ್ಕ್ಯೂಟ್. ಒಂದು ಸರ್ಕ್ಯೂಟ್ ಸತ್ತರೂ ಇನ್ನೊಂದು ಕಾರನ್ನು ನಿಲ್ಲಿಸುತ್ತದೆ, ಆದರೆ ಪೆಡಲ್ ತೀರ ಕೆಳಗಿಳಿಯುತ್ತದೆ ಮತ್ತು ನಿಲ್ಲಲು ಬೇಕಾದ ದೂರ ಬಹಳ ಹೆಚ್ಚುತ್ತದೆ. ಆ ಉಳಿದ ಅರ್ಧವನ್ನು ನಂಬಿ ರಸ್ತೆಗಿಳಿಯುವುದು ಜಾಣತನವಲ್ಲ.

ಓಡುತ್ತಿರುವಾಗಲೇ ಪೆಡಲ್ ಕುಸಿದರೆ ಅದನ್ನು ವೇಗವಾಗಿ ಹಲವು ಸಲ ಒತ್ತಿ, ಗೇರ್ ಇಳಿಸುತ್ತ ಬನ್ನಿ, ಹ್ಯಾಂಡ್‌ಬ್ರೇಕ್ ಗುಂಡಿಯನ್ನು ಒತ್ತಿಹಿಡಿದು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂಚಕ್ರಗಳು ಲಾಕ್ ಆಗಿ ಕಾರು ತಿರುಗಿಬಿಡಬಹುದು.

ಹಂತ 1: ಕಾಲ ಬುಡದಲ್ಲಿ ನೋಡಿ

ನಗು ಬರಿಸುವ ಸಲಹೆ ಎನಿಸಬಹುದು, ಆದರೂ ಇಲ್ಲಿಂದಲೇ ಶುರು ಮಾಡಿ. ಸರ್ವಿಸ್‌ನವರು ಹಾಸಿದ ಕಾಗದದ ಮ್ಯಾಟ್, ತೊಳೆದು ತಿರುಗುಮುರುಗಾಗಿ ಇಟ್ಟ ರಬ್ಬರ್ ಮ್ಯಾಟ್, ಹುಕ್‌ಗೆ ಸಿಕ್ಕಿಸದೆ ಬಿಟ್ಟ ಮ್ಯಾಟ್ ಪೆಡಲ್ ಚಲನೆಗೆ ಅಡ್ಡ ಬರುತ್ತವೆ. ಎಲ್ಲವನ್ನೂ ತೆಗೆದು ಹೊರಗಿಟ್ಟು ಮತ್ತೊಮ್ಮೆ ಒತ್ತಿ ನೋಡಿ. ಸೀಟನ್ನು ಹಿಂದಕ್ಕೆ ಸರಿಸಿದ್ದರೆ ಕಾಲು ಹೆಚ್ಚು ಚಾಚಬೇಕಾಗಿ ಪೆಡಲ್ ಕೆಳಗಿಳಿದಂತೆ ಅನಿಸುವುದೂ ಇದೆ. ಸೀಟನ್ನು ನಿಮ್ಮ ಮಾಮೂಲು ಜಾಗಕ್ಕೆ ತಂದುಕೊಳ್ಳಿ.

ಹಂತ 2: ಜಾಬ್ ಕಾರ್ಡ್ ಓದಿ

ಬಿಲ್ಲಿನ ಮೊತ್ತದ ಮೇಲಷ್ಟೇ ಕಣ್ಣಾಡಿಸಿ ಮಡಚಿಡುವ ಕಾಗದವಲ್ಲ ಇದು. ಬ್ರೇಕ್‌ಗೆ ಸಂಬಂಧಿಸಿದ ಸಾಲುಗಳನ್ನು ಗುರುತು ಮಾಡಿಕೊಳ್ಳಿ. ಒಂದೊಂದು ಸಾಲೂ ಬೇರೆ ಬೇರೆ ದಿಕ್ಕು ತೋರಿಸುತ್ತದೆ.

ಬ್ರೇಕ್ ಫ್ಲೂಯಿಡ್ ಬದಲಿಸಿದ್ದರೆ ಒಳಗೆ ಗಾಳಿ ಸೇರಿರುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು. ಪ್ಯಾಡ್ ಅಥವಾ ಅದು ಅದುಮಿ ಹಿಡಿಯುವ, ಚಕ್ರದೊಂದಿಗೆ ತಿರುಗುವ ಡಿಸ್ಕ್ ಬದಲಿಸಿದ್ದರೆ ಜೋಡಣೆಯಲ್ಲಿನ ತಪ್ಪು, ಇಲ್ಲವೇ ಇನ್ನೂ ಹೊಂದಿಕೊಳ್ಳದ ಹೊಸ ಪ್ಯಾಡ್. "ಬ್ರೇಕ್ ಕ್ಲೀನಿಂಗ್ ಮತ್ತು ಅಡ್ಜಸ್ಟ್‌ಮೆಂಟ್" ಎಂದಷ್ಟೇ ಇದ್ದರೆ ಹಿಂಬದಿಯ ಡ್ರಮ್ (ಒಳಗಿನಿಂದ ಶೂಗಳು ಒತ್ತಿ ಚಕ್ರ ನಿಲ್ಲಿಸುವ ಬಟ್ಟಲು) ಬಿಚ್ಚಿರುತ್ತಾರೆ. ಆಗ ಹೊಂದಾಣಿಕೆ ಕೆಟ್ಟಿರಬಹುದು. ಬ್ರೇಕ್‌ನ ಹೆಸರೇ ಇಲ್ಲದಿದ್ದರೆ "ಫ್ಲೂಯಿಡ್ ಟಾಪ್ ಅಪ್" ಎಂಬ ಸಣ್ಣ ಸಾಲನ್ನು ಹುಡುಕಿ. ಅದರ ಅಪಾಯದ ಬಗ್ಗೆ ಮುಂದೆ ಬರೆದಿದ್ದೇನೆ.

ಹಂತ 3: ಅಳತೆ ತೆಗೆದುಕೊಳ್ಳಿ

"ಮೆತ್ತಗಿದೆ" ಎಂಬ ದೂರಿಗೆ "ಎಲ್ಲ ಕಾರೂ ಹೀಗೆಯೇ" ಎಂಬ ಉತ್ತರ ಸಲೀಸಾಗಿ ಬರುತ್ತದೆ. ಮಿಲಿಮೀಟರ್ ಲೆಕ್ಕ ಮುಂದಿಟ್ಟರೆ ಹಾಗೆ ಹೇಳುವುದು ಕಷ್ಟ.

ಅಳತೆಯ ಟೇಪಿನ ತುದಿಯನ್ನು ಪೆಡಲ್ ಮೇಲಿಟ್ಟು, ಸ್ಟಿಯರಿಂಗ್ ಚಕ್ರದ ಕೆಳ ಅಂಚಿನವರೆಗಿನ ದೂರ ನೋಡಿ. ಸ್ಟಿಯರಿಂಗ್ ಎತ್ತರ ಬದಲಿಸಬಹುದಾದ ಕಾರಾದರೆ ಅದನ್ನು ಒಂದೇ ಸ್ಥಾನದಲ್ಲಿರಿಸಿ. ಮೊದಲು ಪೆಡಲ್ ಮುಟ್ಟದೆ ಒಂದು ಅಳತೆ. ಬಳಿಕ ಎಂಜಿನ್ ಚಾಲೂ ಇಟ್ಟು, ಸಿಗ್ನಲ್‌ನಲ್ಲಿ ನಿಲ್ಲಿಸುವಾಗ ಹಾಕುವಷ್ಟೇ ಬಲದಿಂದ ಒತ್ತಿ ಇನ್ನೊಂದು. ಎರಡರ ವ್ಯತ್ಯಾಸವೇ ಪೆಡಲ್ ಚಲಿಸಿದ ದೂರ. ಒತ್ತಿದಾಗ ಪೆಡಲ್‌ಗೂ ನೆಲಕ್ಕೂ ನಡುವೆ ಉಳಿಯುವ ಅಂತರವನ್ನೂ ಬರೆದುಕೊಳ್ಳಿ. ಹಲವು ಕಂಪನಿಗಳ ವರ್ಕ್‌ಶಾಪ್ ಕೈಪಿಡಿಗಳಲ್ಲಿ ಇದರ ಕನಿಷ್ಠ ಮಿತಿಯನ್ನು ಕೊಟ್ಟಿರುತ್ತಾರೆ.

ಇಲ್ಲೊಂದು ಎಚ್ಚರಿಕೆ. ಎಂಜಿನ್ ಚಾಲೂ ಇರುವಾಗ ಬೂಸ್ಟರ್ ನಿಮ್ಮ ಕಾಲಿನ ಬಲವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ನಿಂತ ಕಾರಿನಲ್ಲಿ ಅನುಮಾನದಿಂದ ಮೈಬಲವೆಲ್ಲ ಹಾಕಿ ತುಳಿದರೆ ಸುಸ್ಥಿತಿಯಲ್ಲಿರುವ ಕಾರಿನ ಪೆಡಲ್ ಕೂಡ ಗಾಬರಿಯಾಗುವಷ್ಟು ಕೆಳಗೆ ಹೋಗುತ್ತದೆ. ಇದನ್ನೇ ದೋಷವೆಂದು ತಿಳಿದು ಮಾಸ್ಟರ್ ಸಿಲಿಂಡರ್ ಬದಲಿಸಿದವರಿದ್ದಾರೆ.

ಹಂತ 4: ಯಾವ ಬಗೆಯ ಪೆಡಲ್?

ಇಡೀ ಕೆಲಸದ ತಿರುಳು ಇಲ್ಲಿದೆ. ಎಂಜಿನ್ ಆಫ್ ಮಾಡಿ, ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಖಾಲಿಯಾಗಿ ಪೆಡಲ್ ಬಿರುಸಾಗುವವರೆಗೆ ಐದಾರು ಸಲ ಒತ್ತಿ. ಈಗ ಸಿಗುವುದು ಬೂಸ್ಟರ್‌ನ ನೆರವಿಲ್ಲದ, ಹೈಡ್ರಾಲಿಕ್ ವ್ಯವಸ್ಥೆಯ ನಿಜವಾದ ಸ್ಪರ್ಶ. ಅರ್ಧ ನಿಮಿಷ ಬಿಟ್ಟು ಒಮ್ಮೆ ನಿಧಾನವಾಗಿ ಒತ್ತಿ, ಕಾಲಿಗೆ ಏನು ತಿಳಿಯುತ್ತದೆ ಎಂದು ಗಮನಿಸಿ.

*ಪುಟಿಯುವ ಪೆಡಲ್.* ಎಲ್ಲಿಯೂ ಗಟ್ಟಿ ನೆಲೆ ಸಿಗುವುದಿಲ್ಲ. ಹೆಚ್ಚು ಒತ್ತಿದಷ್ಟೂ ಒಳಗೆ ಹೋಗಿ, ಬಿಟ್ಟರೆ ಸ್ಪ್ರಿಂಗ್‌ನಂತೆ ಮರಳುತ್ತದೆ. ಬೇಗ ಬೇಗ ಒತ್ತಿದರೆ ಎತ್ತರ ಏರುತ್ತದೆ, ಆದರೂ ಮೆತ್ತಗೆಯೇ ಇರುತ್ತದೆ. ಗಾಳಿ ಸೇರಿರುವುದರ ಲಕ್ಷಣ ಇದು. ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ತುಂಬಿ ಬಾಯಿಗೆ ಬೆರಳಿಟ್ಟು ಒತ್ತಿದರೆ ಅದು ಕದಲುವುದಿಲ್ಲ. ಒಂದು ಗುಳ್ಳೆ ಇದ್ದರೂ ಕದಲುತ್ತದೆ. ಬ್ರೇಕ್ ಕೊಳವೆಯಲ್ಲಿ ನಡೆಯುವುದೂ ಅದೇ.

*ತಗ್ಗಿದ ಪೆಡಲ್.* ಮೊದಲ ಒತ್ತಿಗೆ ಬಹಳ ಕೆಳಗೆ ಹೋಗುತ್ತದೆ, ಆದರೆ ಅಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ತಕ್ಷಣ ಎರಡನೆಯ ಸಲ ಒತ್ತಿದರೆ ಮೇಲೆಯೇ ಗಟ್ಟಿಯಾಗುತ್ತದೆ. ಇಲ್ಲಿ ಗಾಳಿಯ ಪಾತ್ರವಿಲ್ಲ. ಪ್ಯಾಡ್–ಡಿಸ್ಕ್ ಅಥವಾ ಶೂ–ಡ್ರಮ್ ನಡುವಿನ ಅಂತರ ಹೆಚ್ಚಾಗಿದೆ. ಇಂತಹ ಕಾರಿಗೆ ಎಷ್ಟು ಸಲ ಬ್ಲೀಡಿಂಗ್ (ಫ್ಲೂಯಿಡ್ ಹೊರಬಿಟ್ಟು ಗಾಳಿ ತೆಗೆಯುವುದು) ಮಾಡಿದರೂ ಫ್ಲೂಯಿಡ್ ದಂಡ.

*ಜಾರುವ ಪೆಡಲ್.* ಒತ್ತಿದಾಗ ಎತ್ತರ ಸರಿಯಿರುತ್ತದೆ, ಆದರೆ ಒಂದೇ ಬಲದಲ್ಲಿ ಹಿಡಿದಿದ್ದರೆ ಮೆಲ್ಲಗೆ ನೆಲದತ್ತ ಇಳಿಯುತ್ತದೆ. ಎಲ್ಲೋ ಒತ್ತಡ ಸೋರುತ್ತಿದೆ: ಒಂದೋ ಹೊರಗೆ, ಇಲ್ಲವೇ ಮಾಸ್ಟರ್ ಸಿಲಿಂಡರ್‌ನ ಒಳಗಿನ ರಬ್ಬರ್ ಸೀಲ್ ದಾಟಿ. ಒಂದು ನಿಮಿಷದವರೆಗೆ ಹಿಡಿದು ನೋಡಿ, ಒಮ್ಮೆ ಜೋರಾಗಿ, ಒಮ್ಮೆ ಹಗುರವಾಗಿ. ಹೆಚ್ಚಿನ ಒತ್ತಡದಲ್ಲಿ ಸೀಲಿನ ತುಟಿ ಅರಳಿ ಗೋಡೆಗೆ ಅಂಟಿಕೊಳ್ಳುವುದರಿಂದ ಕೆಲವು ಸವೆದ ಸೀಲ್‌ಗಳು ಜೋರಾಗಿ ಒತ್ತಿದಾಗ ತಡೆದು ಹಗುರವಾಗಿ ಒತ್ತಿದಾಗ ಮಾತ್ರ ಸೋರುತ್ತವೆ.

ಇನ್ನು ಬೂಸ್ಟರ್. ಪೆಡಲ್ ಒತ್ತಿಹಿಡಿದು ಎಂಜಿನ್ ಚಾಲೂ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ. ಅದನ್ನು ಜಾರುವ ಪೆಡಲ್ ಎಂದುಕೊಳ್ಳಬೇಡಿ. ಬೂಸ್ಟರ್ ಕೆಟ್ಟರೆ ಪೆಡಲ್ ಕಲ್ಲಿನಂತಾಗುತ್ತದೆ, ಮೆತ್ತಗಾಗುವುದಿಲ್ಲ. ಮೆತ್ತಗಾದ ಪೆಡಲ್‌ಗೆ ಬೂಸ್ಟರ್ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಕಾರಣ ಕೇಳಿ.

ಹಂತ 5: ಪುಟಿಯುವ ಪೆಡಲ್ ಆದರೆ

ಸರ್ವಿಸ್‌ನಲ್ಲಿ ಗಾಳಿ ಸೇರುವ ದಾರಿಗಳು ಹಲವು. ಸಾಮಾನ್ಯವಾದದ್ದು, ಬ್ಲೀಡಿಂಗ್ ಮಾಡುವಾಗ ಗಮನ ತಪ್ಪಿ ರಿಸರ್ವಾಯರ್ (ಫ್ಲೂಯಿಡ್ ತುಂಬುವ ಡಬ್ಬಿ) ಖಾಲಿಯಾಗುವುದು. ಆಗ ಗಾಳಿ ಮಾಸ್ಟರ್ ಸಿಲಿಂಡರ್ ದಾಟಿ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕದ ಕವಾಟಗಳವರೆಗೂ ಹೋಗಬಹುದು. ಅಲ್ಲಿ ಸಿಕ್ಕಿಕೊಂಡ ಗುಳ್ಳೆ ಮಾಮೂಲಿ ಬ್ಲೀಡಿಂಗ್‌ಗೆ ಹೊರಬರುವುದಿಲ್ಲ. ಸ್ಕ್ಯಾನ್ ಉಪಕರಣ ಜೋಡಿಸಿ ಕವಾಟ ಮತ್ತು ಪಂಪನ್ನು ಚಾಲೂ ಮಾಡುತ್ತ ಬ್ಲೀಡಿಂಗ್ ಮಾಡಬೇಕು. ಡೀಲರ್ ಬಳಿ ಆ ಉಪಕರಣ ಇದ್ದೇ ಇರುತ್ತದೆ. ಬಳಸಿದರೇ ಎಂಬುದೇ ಪ್ರಶ್ನೆ.

ಇನ್ನೊಂದು, ಬಿಡಿಸಿ ಜೋಡಿಸಿದ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಎಡ–ಬಲ ಅದಲುಬದಲಾಗಿರುವುದು. ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲ್ ಕ್ಯಾಲಿಪರ್‌ನ ಮೇಲ್ಭಾಗದಲ್ಲಿರಬೇಕು, ಏಕೆಂದರೆ ಗಾಳಿ ಮೇಲೇರುತ್ತದೆ. ನಿಪ್ಪಲ್ ಕೆಳಗಿದ್ದರೆ ದಿನವಿಡೀ ಬ್ಲೀಡ್ ಮಾಡಿದರೂ ಮೇಲಿನ ಗುಳ್ಳೆ ಅಲ್ಲೇ ಉಳಿಯುತ್ತದೆ. ಚಕ್ರದ ಕಡ್ಡಿಗಳ ನಡುವೆ ಟಾರ್ಚ್ ಹಿಡಿದು ನೋಡಿದರೆ ತಿಳಿಯುತ್ತದೆ.

ಗಾಳಿಯೇ ಇಲ್ಲದೆ ಪೆಡಲ್ ಪುಟಿಯುವುದೂ ಇದೆ. ಪ್ಯಾಡ್ ತನ್ನ ಜಾಗದಲ್ಲಿ ಸರಿಯಾಗಿ ಕೂರದೆ ವಾರೆಯಾಗಿದ್ದರೆ, ಹಳೆಯ ಶಿಮ್ (ಪ್ಯಾಡ್ ಹಿಂದಿನ ತೆಳು ತಗಡು) ಮೇಲೆ ಹೊಸದನ್ನೂ ಇಟ್ಟಿದ್ದರೆ, ಸವೆದ ಡಿಸ್ಕಿನ ಅಂಚಿನ ದಿಣ್ಣೆಯ ಮೇಲೆ ಹೊಸ ಪ್ಯಾಡ್ ಏರಿದ್ದರೆ, ಕಾಲಿನ ಬಲದ ಒಂದು ಪಾಲು ಲೋಹವನ್ನು ಬಾಗಿಸುವುದಕ್ಕೇ ಖರ್ಚಾಗುತ್ತದೆ. ಕ್ಯಾಲಿಪರ್ ಸರಿದಾಡುವ ಗೈಡ್ ಪಿನ್‌ಗಳಲ್ಲಿ ಒಂದಕ್ಕೆ ಮಾತ್ರ ರಬ್ಬರ್ ಬುಷ್ ಇರುವ ಕಾರುಗಳಿವೆ. ಮೇಲಿನದು ಕೆಳಕ್ಕೆ ಹೋದರೆ ಕ್ಯಾಲಿಪರ್ ಸರಾಗವಾಗಿ ಸರಿಯುವುದಿಲ್ಲ. ಹಳೆಯ ಕಾರಿನಲ್ಲಿ ರಬ್ಬರ್ ಹೋಸ್ ಕೂಡ ಉಬ್ಬಬಹುದು. ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ಹೋಸ್ ಮೇಲೆ ಕೈಯಿಟ್ಟು ನೋಡಲಿ.

ಯಾವ ಚಕ್ರದಲ್ಲಿ ದೋಷ ಎಂದು ತಿಳಿಯಲು ಹೋಸ್ ಕ್ಲ್ಯಾಂಪ್ ಬಳಸುತ್ತಾರೆ. ರಬ್ಬರ್ ಹೋಸ್‌ಗಳನ್ನು ಒಂದೊಂದಾಗಿ ಅದುಮಿ ಪೆಡಲ್ ಒತ್ತಿ ನೋಡಬೇಕು. ಯಾವುದನ್ನು ಮುಚ್ಚಿದಾಗ ಪೆಡಲ್ ಗಟ್ಟಿಯಾಗುತ್ತದೋ ದೋಷ ಆ ಚಕ್ರದಲ್ಲಿದೆ. ನಾಲ್ಕನ್ನೂ ಮುಚ್ಚಿದರೂ ಪೆಡಲ್ ಮೆತ್ತಗೆಯೇ ಇದ್ದರೆ ಗಾಳಿ ಅಥವಾ ಸೋರಿಕೆ ಮೇಲೆ, ಎಬಿಎಸ್‌ನಲ್ಲೋ ಮಾಸ್ಟರ್ ಸಿಲಿಂಡರ್‌ನಲ್ಲೋ ಇದೆ. ಇದಕ್ಕೆ ನುಣುಪು ಅಂಚಿನ ಕ್ಲ್ಯಾಂಪೇ ಬೇಕು. ಹಲ್ಲಿರುವ ಪ್ಲೈಯರ್ ಹೋಸ್ ಒಳಪದರವನ್ನು ಹಾಳುಮಾಡುತ್ತದೆ. ತಂತಿ ಹೆಣೆದ ಹೋಸ್‌ಗಳಿಗೆ ಈ ಪರೀಕ್ಷೆ ಬೇಡ.

ತಣ್ಣಗಿದ್ದಾಗ ಸರಿಯಾಗಿದ್ದು, ಉದ್ದದ ಇಳಿಜಾರು ಇಳಿದ ಮೇಲೆ ಮಾತ್ರ ಮೆತ್ತಗಾಗುವ ಪೆಡಲ್‌ನ ಕಥೆ ಬೇರೆ. ಫ್ಲೂಯಿಡ್ ಕುದಿದು ಆವಿಯಾಗುತ್ತಿದೆ. ಡಾಟ್ 3 ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ. 3.7ರಷ್ಟು ನೀರು ಸೇರಿದಾಗ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155. ಫ್ಲೂಯಿಡ್ ಗಾಳಿಯ ತೇವವನ್ನು ಹೀರುವುದರಿಂದ, ಬಾಯಿ ತೆರೆದಿಟ್ಟ ಡಬ್ಬದಿಂದ ತುಂಬಿದ "ಹೊಸ" ಫ್ಲೂಯಿಡ್ ಹೊಸದಾಗಿರುವುದಿಲ್ಲ. ಕ್ಯಾಲಿಪರ್ ಹಿಡಿದುಕೊಂಡು ಬಿಡದಿದ್ದರೂ ಇದೇ ಲಕ್ಷಣ ಕಾಣುತ್ತದೆ; ಓಡಿಸಿದ ಮೇಲೆ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದೆಯೇ ಎಂದು ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ.

ಹಂತ 6: ತಗ್ಗಿದ ಪೆಡಲ್ ಆದರೆ

ಹಿಂದೆ ಡ್ರಮ್ ಬ್ರೇಕ್ ಇರುವ ಕಾರುಗಳಲ್ಲಿ ಇದು ತೀರ ಸಾಮಾನ್ಯ. ಡ್ರಮ್ ಬಿಚ್ಚಲು, ಶೂ–ಡ್ರಮ್ ಅಂತರ ಹೊಂದಿಸುವ ಅಡ್ಜಸ್ಟರ್ ಅನ್ನು ಹಿಂದಕ್ಕೆ ತಿರುಗಿಸುತ್ತಾರೆ, ದೂಳು ಊದುತ್ತಾರೆ, ಮತ್ತೆ ಮುಚ್ಚುತ್ತಾರೆ. ಅಡ್ಜಸ್ಟರ್ ಹಿಂದೆಯೇ ಉಳಿಯುತ್ತದೆ. ಶೂಗಳು ಡ್ರಮ್ಮನ್ನು ಮುಟ್ಟುವ ಹೊತ್ತಿಗೆ ಪೆಡಲ್ ಅರ್ಧ ದಾರಿ ಸಾಗಿರುತ್ತದೆ.

ಪರೀಕ್ಷೆ ಸುಲಭ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು ಪೆಡಲ್ ಒತ್ತಿ. ಪೆಡಲ್ ಮೊದಲಿಗಿಂತ ಮೇಲೆಯೇ ಗಟ್ಟಿಯಾದರೆ ಹಿಂಬದಿಯ ಹೊಂದಾಣಿಕೆ ಸಡಿಲವಾಗಿದೆ ಎಂದು ತಿಳಿಯಿರಿ. ಪರಿಹಾರ ಅಡ್ಜಸ್ಟರ್‌ನಲ್ಲಿದೆ: ಶೂ ಡ್ರಮ್ಮಿಗೆ ಸಣ್ಣಗೆ ಉಜ್ಜುವವರೆಗೆ ತಿರುಗಿಸಿ, ಚಕ್ರ ಸರಾಗವಾಗಿ ತಿರುಗುವಷ್ಟು ಹಿಂದಕ್ಕೆ ತರಬೇಕು, ಎರಡೂ ಬದಿ ಸಮನಾಗಿ. ಕೆಲವು ಕಾರುಗಳಲ್ಲಿ ಹ್ಯಾಂಡ್‌ಬ್ರೇಕನ್ನು ಹಲವು ಸಲ ಎಳೆದು ಬಿಟ್ಟರೆ, ಇನ್ನು ಕೆಲವಲ್ಲಿ ಹಿಮ್ಮುಖವಾಗಿ ಚಲಿಸುತ್ತ ಬ್ರೇಕ್ ಹಾಕಿದರೆ, ಇನ್ನುಳಿದವುಗಳಲ್ಲಿ ಪೆಡಲ್ ಒತ್ತಿದಾಗಲೇ ಅಡ್ಜಸ್ಟರ್ ತಾನಾಗಿ ಮುಂದೆ ಸರಿಯುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಗೊಳಿಸಿ ಕೈ ತೊಳೆದುಕೊಳ್ಳುವುದು ಮಾತ್ರ ತಪ್ಪು ದಾರಿ. ಕೇಬಲ್ ಅತಿಯಾಗಿ ಬಿಗಿಯಾದರೆ ಒಳಗಿನ ಸನ್ನೆ (ಲಿವರ್) ತನ್ನ ನೆಲೆಗೆ ಮರಳದೆ ಸ್ವಯಂಚಾಲಿತ ಅಡ್ಜಸ್ಟರ್ ಕೆಲಸ ನಿಲ್ಲಿಸುತ್ತದೆ. ಹ್ಯಾಂಡ್‌ಬ್ರೇಕ್ ಬಿಗಿ, ಪೆಡಲ್ ತಗ್ಗು ಎಂಬ ವಿಚಿತ್ರ ಜೋಡಿ ಹುಟ್ಟುವುದು ಹೀಗೆ.

ಹಿಂದೆಯೂ ಡಿಸ್ಕ್ ಇದ್ದು, ಪ್ಯಾಡನ್ನು ತಳ್ಳುವ ಪಿಸ್ಟನ್ ತಿರುಗಿಸಿ ಒಳಗೆ ಕಳುಹಿಸುವ ಬಗೆಯದಾದರೆ, ಪಿಸ್ಟನ್ ಮುಖದ ಕಚ್ಚಿನಲ್ಲಿ ಪ್ಯಾಡ್ ಹಿಂಬದಿಯ ಗುಬ್ಬಿ ಕೂರಬೇಕು. ಕೂರದಿದ್ದರೆ ಪ್ಯಾಡ್ ಓರೆಯಾಗುತ್ತದೆ, ಹೊಂದಾಣಿಕೆಯೂ ಕೆಡುತ್ತದೆ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನಲ್ಲಿ ಪ್ಯಾಡ್ ಬದಲಿಸಲು ಹಾಕಿದ ಸರ್ವಿಸ್ ಮೋಡ್‌ನಿಂದ ಹೊರಬರಲು ಮರೆತಿದ್ದರೆ ಹಿಂಬದಿಯ ಪಿಸ್ಟನ್‌ಗಳು ದೂರವೇ ನಿಂತಿರಬಹುದು. ಅಲ್ಲಿ ಸಾಮಾನ್ಯವಾಗಿ ಎಚ್ಚರಿಕೆ ದೀಪವೂ ಉರಿಯುತ್ತದೆ.

ನಿಲ್ಲಿಸಿದಾಗ ಸರಿಯಿದ್ದು, ತಿರುವುಗಳ ರಸ್ತೆಯಲ್ಲಿ ಓಡಿದ ಮೇಲೆ ಮೊದಲ ಒತ್ತು ಮಾತ್ರ ಕೆಳಗೆ ಹೋಗುವ ಪ್ರಕರಣ ಮೆಕ್ಯಾನಿಕ್‌ಗಳನ್ನು ಬಹಳ ಕಾಡಿಸುತ್ತದೆ. ನಿಂತ ಕಾರಿನಲ್ಲಿ ಪೆಡಲ್ ಒತ್ತಿ ಗಟ್ಟಿ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ. ಎತ್ತರ ಹಾಗೆಯೇ ಇದ್ದು, ಓಡಿಸಿದ ಮೇಲಷ್ಟೇ ತಗ್ಗಿದರೆ, ಓಲಾಡುವ ಡಿಸ್ಕ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತಿದೆ. ಹೊಸ ಡಿಸ್ಕ್ ಕೂರಿಸುವಾಗ ಅದು ಕೂರುವ ಹಬ್‌ನ ಮುಖದ ತುಕ್ಕು ಕೆರೆಯದಿದ್ದರೆ, ಅಥವಾ ಬೇರಿಂಗ್ ಸಡಿಲವಾಗಿದ್ದರೆ ಹೀಗಾಗುತ್ತದೆ. ಚಕ್ರ ಎತ್ತಿ ಮೇಲೆ–ಕೆಳಗೆ ಹಿಡಿದು ಅಲುಗಾಡಿಸಿದರೆ ಬೇರಿಂಗ್ ಸಡಿಲ ಗೊತ್ತಾಗುತ್ತದೆ. ಡಿಸ್ಕಿನ ಓಲಾಟ ಅಳೆಯಲು ಡಯಲ್ ಗೇಜ್ ಎಂಬ ಉಪಕರಣ ಬೇಕು.

ಹಂತ 7: ಜಾರುವ ಪೆಡಲ್ ಆದರೆ

ಹೊರಗಿನ ಸೋರಿಕೆ ಮೊದಲು: ನಿಪ್ಪಲ್‌ಗಳು, ಹೋಸ್‌ನ ತಾಮ್ರದ ವಾಷರ್, ಡ್ರಮ್ ಒಳಗಿನ ಸಿಲಿಂಡರ್, ಬೂಸ್ಟರ್ ಮತ್ತು ಮಾಸ್ಟರ್ ಸಿಲಿಂಡರ್ ಸೇರುವ ಜಾಗ. ಎಲ್ಲ ಒಣಗಿದ್ದು ಫ್ಲೂಯಿಡ್ ಮಟ್ಟವೂ ಇಳಿಯದಿದ್ದರೆ ಸೋರಿಕೆ ಒಳಗಿನದು.

ಬ್ಲೀಡಿಂಗ್ ಆದ ಮರುದಿನವೇ ಹಳೆಯ ಮಾಸ್ಟರ್ ಸಿಲಿಂಡರ್ ಕೆಡುವುದು ಕಾಕತಾಳೀಯವಾಗಿರಬೇಕಿಲ್ಲ. ದಿನನಿತ್ಯದ ಬಳಕೆಯಲ್ಲಿ ಅದರೊಳಗಿನ ಪಿಸ್ಟನ್ ತನ್ನ ದಾರಿಯ ಮೊದಲ ಭಾಗದಲ್ಲಷ್ಟೇ ಓಡಾಡುತ್ತದೆ. ಅದರಾಚೆ ವರ್ಷಗಟ್ಟಲೆ ಕೊಳೆ, ತುಕ್ಕು ಕೂತಿರುತ್ತದೆ. ಬ್ಲೀಡಿಂಗ್ ಮಾಡುವಾಗ ಪೆಡಲನ್ನು ನೆಲದವರೆಗೆ ತುಳಿದರೆ ಸೀಲ್ ಆ ಒರಟು ಜಾಗಕ್ಕೆ ಉಜ್ಜಿ ಹರಿಯುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟಿದ್ದರೆ ತಪ್ಪುತ್ತಿತ್ತು.

ಟಾಪ್ ಅಪ್ ಅಪಾಯವೂ ಇಲ್ಲಿಯೇ ಸೇರುತ್ತದೆ. ರಿಸರ್ವಾಯರ್‌ಗೆ ತಪ್ಪಿ ಎಂಜಿನ್ ಆಯಿಲ್ ಅಥವಾ ಪವರ್ ಸ್ಟಿಯರಿಂಗ್ ಆಯಿಲ್ ಬಿದ್ದರೆ ಒಳಗಿನ ರಬ್ಬರ್‌ಗಳೆಲ್ಲ ಉಬ್ಬುತ್ತವೆ. ಮುಚ್ಚಳದ ಒಳಗಿನ ರಬ್ಬರ್ ಪೊರೆ ಉಬ್ಬಿ ಸುಕ್ಕಾಗಿದ್ದರೆ ಅದೇ ಸಾಕ್ಷಿ. ಅಂತಹ ಕಾರಿನಲ್ಲಿ ಫ್ಲೂಯಿಡ್ ಬದಲಿಸಿ ಮುಗಿಸುವಂತಿಲ್ಲ. ಸೀಲ್ ಇರುವ ಭಾಗಗಳನ್ನೆಲ್ಲ ಬದಲಿಸಬೇಕಾಗುತ್ತದೆ. ಫೋಟೊ ತೆಗೆದಿಟ್ಟುಕೊಂಡು, ಇನ್ನೇನನ್ನೂ ಮುಟ್ಟದೆ ಡೀಲರ್‌ಗೆ ತೋರಿಸಿ.

ಹಂತ 8: ನೀವೇ ಬ್ಲೀಡಿಂಗ್ ಮಾಡುವುದಾದರೆ

ವಾರಂಟಿ ಇದ್ದರೆ ಈ ಹಂತ ಬೇಡ. ಕೆಲಸ ಕೆಡಿಸಿದವರೇ ಸರಿಪಡಿಸಲಿ. ಬ್ರೇಕ್‌ನ ಸ್ಪರ್ಶವನ್ನು ಕಂಪ್ಯೂಟರೇ ನೀಡುವ ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿಯೂ ಬೇಡ. ಅವುಗಳಿಗೆ ಸ್ಕ್ಯಾನ್ ಉಪಕರಣ ಇಲ್ಲದೆ ಕೈ ಹಾಕಬಾರದು.

ಉಳಿದ ಕಾರುಗಳಿಗೆ: ಸಮತಟ್ಟು ನೆಲ, ಜ್ಯಾಕ್ ಜೊತೆಗೆ ಸ್ಟ್ಯಾಂಡ್, ಕಣ್ಣಿಗೆ ಕನ್ನಡಕ, ಕೈಗೆ ಗವಸು. ಫ್ಲೂಯಿಡ್ ಬಣ್ಣವನ್ನು ಕಿತ್ತುಹಾಕುತ್ತದೆ, ಬಿದ್ದರೆ ತಕ್ಷಣ ನೀರು ಸುರಿಯಿರಿ. ರಿಸರ್ವಾಯರ್ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ, ಸೀಲ್ ಒಡೆಯದ ಸಣ್ಣ ಡಬ್ಬವನ್ನೇ ತನ್ನಿ. ಸಿಲಿಕೋನ್ ಆಧಾರಿತ ಡಾಟ್ 5 ಅನ್ನು ಇತರ ದರ್ಜೆಗಳೊಂದಿಗೆ ಬೆರೆಸುವಂತಿಲ್ಲ. ಡಾಟ್ 5.1 ಬೇರೆಯೇ ವಸ್ತು, ಅದು ಡಾಟ್ 4ರ ಬಳಗದ್ದು.

ಯಾವ ಚಕ್ರ ಮೊದಲು ಎಂಬುದಕ್ಕೆ ಕೈಪಿಡಿಯ ಮಾತೇ ಅಂತಿಮ. ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರದಿಂದ ಶುರು ಮಾಡುವ ಹಳೆಯ ನಿಯಮ ಎಬಿಎಸ್ ಇರುವ ಎಲ್ಲ ಕಾರುಗಳಿಗೂ ಹೊಂದುವುದಿಲ್ಲ.

ನಿಪ್ಪಲ್‌ಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಫ್ಲೂಯಿಡ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಸಹಾಯಕರು ಪೆಡಲ್ ನಿಧಾನವಾಗಿ ಒತ್ತಿ ಹಿಡಿಯಬೇಕು. ನೀವು ನಿಪ್ಪಲ್ ಕಾಲು ಸುತ್ತು ತೆರೆದು, ಹರಿವು ನಿಲ್ಲುವ ಮುಂಚೆ ಮುಚ್ಚಿ, ಆಮೇಲಷ್ಟೇ "ಬಿಡಿ" ಎನ್ನಬೇಕು. ಮುಚ್ಚುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಮರಳಿ ಒಳಗೆಳೆದುಕೊಳ್ಳುತ್ತದೆ. ಗುಳ್ಳೆ ಬರುವುದು ನಿಲ್ಲುವವರೆಗೆ ಹೀಗೆಯೇ ಮುಂದುವರಿಸಿ, ಕ್ಯಾಲಿಪರ್‌ಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿರಿ. ರಿಸರ್ವಾಯರ್ ಮಟ್ಟವನ್ನು ಕೆಲವೇ ಒತ್ತುಗಳಿಗೊಮ್ಮೆ ನೋಡಿ. ನಿರ್ವಾತ ಪಂಪ್ ಬಳಸುವವರು ಕೊನೆಯಿಲ್ಲದ ಸಣ್ಣ ಗುಳ್ಳೆಗಳಿಗೆ ಹೆದರಬೇಕಿಲ್ಲ, ಅವು ನಿಪ್ಪಲ್‌ನ ತಿರುಪಿನ ಎಳೆಗಳ ಮೂಲಕ ಹೊರಗಿನಿಂದ ಬರುವ ಗಾಳಿಯಾಗಿರಬಹುದು. ನಿಪ್ಪಲ್ ಟೊಳ್ಳಾಗಿರುತ್ತದೆ, ಬಿಗಿ ಮಾಡುವಾಗ ಬಲಪ್ರದರ್ಶನ ಬೇಡ.

ಹಂತ 9: ಡೀಲರ್ ಬಳಿ ಮಾತನಾಡುವಾಗ

"ಬ್ರೇಕ್ ಸರಿಯಿಲ್ಲ" ಎನ್ನಬೇಡಿ. "ಎಂಜಿನ್ ಆಫ್ ಇದ್ದಾಗ ಮೊದಲ ಒತ್ತು ಇಷ್ಟು ಮಿಲಿಮೀಟರ್ ಹೋಗುತ್ತದೆ, ಎರಡನೆಯದು ಇಷ್ಟು, ಹ್ಯಾಂಡ್‌ಬ್ರೇಕ್ ಎಳೆದಾಗ ಇಷ್ಟು ಮೇಲೆ ಬರುತ್ತದೆ" ಎಂದು ಬರೆದು ಕೊಡಿ, ಅದು ಜಾಬ್ ಕಾರ್ಡ್‌ನಲ್ಲಿ ದಾಖಲಾಗಲಿ. ಅಲ್ಲಿರುವ ಅದೇ ಮಾದರಿಯ, ಹೆಚ್ಚುಕಡಿಮೆ ಅದೇ ವಯಸ್ಸಿನ ಇನ್ನೊಂದು ಕಾರಿನ ಪೆಡಲನ್ನು ಅದೇ ಟೇಪಿನಿಂದ ಅಳೆಯಲು ಕೇಳಿ. ಫ್ಲೂಯಿಡ್ ಬದಲಿಸಿದ್ದರೆ ಎಬಿಎಸ್ ಬ್ಲೀಡಿಂಗ್ ಸ್ಕ್ಯಾನ್ ಉಪಕರಣದಿಂದ ಆಯಿತೇ ಎಂದು ನೇರವಾಗಿ ಕೇಳಿ. ಸರ್ವಿಸ್ ಅಡ್ವೈಸರ್‌ಗಿಂತ ಕೆಲಸ ಮಾಡಿದ ತಂತ್ರಜ್ಞರೊಂದಿಗೆ ಹತ್ತು ನಿಮಿಷ ಮಾತನಾಡುವುದು ಹೆಚ್ಚು ಉಪಯುಕ್ತ. ಸಾಧ್ಯವಾದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ.

"ಪ್ಯಾಡ್ ಹೊಂದಿಕೊಳ್ಳಬೇಕು" ಎಂಬ ಉತ್ತರವನ್ನು ಒಪ್ಪಬಹುದಾದ ಸಂದರ್ಭ ಒಂದಿದೆ: ಪ್ಯಾಡ್ ಅಥವಾ ಡಿಸ್ಕ್ ನಿಜವಾಗಿ ಹೊಸದಾಗಿದ್ದು, ಪೆಡಲ್ ತುಸು ಮೆದುವಾಗಿದ್ದರೂ ಜಾರದೆ, ಎರಡನೆಯ ಒತ್ತಿಗೆ ಬದಲಾಗದೆ ಇದ್ದರೆ. ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಪೂರ್ತಿ ನಿಲ್ಲಿಸದೆ ಹಲವು ಸಲ ಬ್ರೇಕ್ ಹಾಕಿ, ನಡುನಡುವೆ ತಣಿಯಲು ಬಿಡುತ್ತ ಓಡಿಸಿದರೆ ಕೆಲವು ನೂರು ಕಿಲೋಮೀಟರ್‌ಗಳೊಳಗೆ ವ್ಯತ್ಯಾಸ ಕಾಣಬೇಕು. ಟೇಪಿನ ಅಂಕಿ ಬದಲಾಗದಿದ್ದರೆ ಆ ಉತ್ತರದ ವಾಯಿದೆ ಮುಗಿಯಿತು.

ಹಂತ 10: ಸರಿಪಡಿಸಿದ ಮೇಲೆ

ಕಾರು ಕದಲಿಸುವ ಮುನ್ನ ಪೆಡಲ್ ಹಲವು ಸಲ ಒತ್ತಿ ಗಟ್ಟಿ ಮಾಡಿಕೊಳ್ಳಿ. ಪ್ಯಾಡ್ ಬದಲಿಸಿದ ಬಳಿಕ ಒಳಗೆ ತಳ್ಳಿದ ಪಿಸ್ಟನ್‌ಗಳು ಮುಂದೆ ಬಂದಿರದಿದ್ದರೆ ಮೊದಲ ಒತ್ತು ನೆಲಕ್ಕೇ ಹೋಗುತ್ತದೆ. ನಡಿಗೆಯ ವೇಗದಲ್ಲಿ ಬ್ರೇಕ್ ಹಾಕಿ ನೋಡಿ, ನಂತರ ನಿಧಾನವಾಗಿ ವೇಗ ಹೆಚ್ಚಿಸಿ. ಕಾರು ಒಂದು ಬದಿಗೆ ಎಳೆಯುತ್ತದೆಯೇ ಗಮನಿಸಿ. ಒಂದು ರಾತ್ರಿ ನಿಲ್ಲಿಸಿದ ಮೇಲೆ ಬೆಳಿಗ್ಗೆ ಮೊದಲ ಒತ್ತಿನ ಅಳತೆಯನ್ನು ಮತ್ತೆ ತೆಗೆದುಕೊಳ್ಳಿ, ಏಕೆಂದರೆ ಉಳಿದಿರುವ ಸಣ್ಣ ಗುಳ್ಳೆಗಳು ರಾತ್ರಿಯಲ್ಲಿ ಒಟ್ಟುಗೂಡಿ ಬೆಳಿಗ್ಗೆಯೇ ತಮ್ಮ ಇರುವಿಕೆ ತೋರಿಸುತ್ತವೆ. ರಿಸರ್ವಾಯರ್ ಮಟ್ಟದ ಎದುರು ಟೇಪ್ ಅಂಟಿಸಿ ಗುರುತು ಹಾಕಿ. ಹೊಸ ಪ್ಯಾಡ್ ಇರುವ ಕಾರಿನಲ್ಲಿ ಒಂದು ವಾರದಲ್ಲಿ ಆ ಗುರುತಿನಿಂದ ಕಣ್ಣಿಗೆ ಕಾಣುವಷ್ಟು ಇಳಿದರೆ ಅದು ಸವೆತವಲ್ಲ, ಸೋರಿಕೆ. ಮತ್ತೆ ಹಂತ 7ಕ್ಕೆ ಹೋಗಿ.